ಬೀಗರು ಹೊಗಳಿದ ಬೋಟು

ಶಾಗ್ಯದ ಸದಾಶಿವಪ್ಪನವರಿಗೆ ಈ ಭೂಮಂಡಲದ ಮೇಲೆ ಇದ್ದದ್ದು ಒಂದೇ ಒಂದು ಕೊರಗು. ಅವರ ಬೀಗರಾದ ಕುಂತೂರಿನ ಸಿದ್ದಮಲ್ಲಪ್ಪನವರು ಯಾವುದನ್ನೂ ಹೊಗಳುತ್ತಿರಲಿಲ್ಲ.

ಮಗಳು ಕೋಮಲಳನ್ನು ಆ ಮನೆಗೆ ಕೊಟ್ಟ ದಿನದಿಂದ ಸದಾಶಿವಪ್ಪನವರು ಕಾಯುತ್ತಲೇ ಇದ್ದರು. ಮದುವೆಯ ಊಟವನ್ನು ಸುತ್ತೂರಿನವರೆಲ್ಲ ಬಾಯಿ ತುಂಬ ಕೊಂಡಾಡಿದರು. ಬೀಗರು ಎಲೆ ಮಡಚಿ, ಕೈ ತೊಳೆದು, "ಪರವಾಗಿಲ್ಲ" ಅಂದರು. ಹೊಸ ಮನೆಯ ಗೃಹಪ್ರವೇಶಕ್ಕೆ ಬಂದವರು ನೆಲದ ಗ್ರಾನೈಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಪರವಾಗಿಲ್ಲ" ಅಂದರು. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಜೋಡಿ ಎತ್ತು ತೋರಿಸಿದರೆ ಅದಕ್ಕೂ ಅದೇ ಮಾತು. (ಎತ್ತುಗಳ ಮುಖವೂ ಸಣ್ಣಗಾಯಿತು ಎಂದು ಸದಾಶಿವಪ್ಪನವರು ಇಂದಿಗೂ ಆಣೆ ಮಾಡಿ ಹೇಳುತ್ತಾರೆ.)

"ಚೆಂದಾಗಿಲ್ಲ ಅಂತಾನೂ ಅವ್ರು ಯೋಳಾಕಿಲ್ವಲ್ಲ, ಬುಡಿ ಅತ್ಲಾಗೆ" ಎಂದು ಹೆಂಡತಿ ಶಿವರತ್ನಮ್ಮ ಸಮಾಧಾನ ಮಾಡುತ್ತಿದ್ದರು.

"ಅಂಗಂದಿದ್ರೆ ಜಗಳನಾರಾ ಆಡಬೌದಿತ್ತು ಕಣೆ. ಪರವಾಗಿಲ್ಲ ಅಂದ್ರೆ ಏನ್ ಮಾಡಾದು?"

"ಪರವಾಗಿಲ್ಲ ಅಂದ್ಕಂಡು ಸುಮ್ಕಿರಾದು."

ಸುಮ್ಮನಿರುವ ವಿದ್ಯೆಯೊಂದನ್ನು ಬಿಟ್ಟು ಉಳಿದೆಲ್ಲ ವಿದ್ಯೆಗಳೂ ಸದಾಶಿವಪ್ಪನವರಿಗೆ ಒಲಿದಿದ್ದವು. ಊಟದ ನಡುವೆ ಎದ್ದು ಪಂಪ್‌ಸೆಟ್ಟು ನೋಡಿಬರುವ ಜಾತಿಯವರು ಅವರು. ಕುರ್ಚಿಯಲ್ಲಿ ಕೂತರೆ ಕಾಲು ಅಲ್ಲಾಡುತ್ತದೆ, ಕಾಲು ನಿಲ್ಲಿಸಿದರೆ ಬಾಯಿ ಶುರುವಾಗುತ್ತದೆ.

ಅವರ ಜಮೀನಿನ ತುದಿ ಜಲಾಶಯದ ನೀರಿಗೆ ತಾಗಿಕೊಂಡಿತ್ತು. ಅಲ್ಲಿ ಅನುಮತಿ ಪಡೆದು ಒಂದು ಮೋಟಾರ್ ಬೋಟು ಇಟ್ಟಿದ್ದರು. ಶನಿವಾರ, ಭಾನುವಾರ ಮೈಸೂರಿನಿಂದ ಹುಡುಗರು ಬಂದು ವೇಕ್‌ಸರ್ಫಿಂಗ್ ಎಂಬ ಆಟ ಆಡುತ್ತಿದ್ದರು. ಬೋಟು ಮುಂದೆ ಹೋಗುವಾಗ ಅದರ ಹಿಂದೆ ಅಲೆ ಏಳುತ್ತದಲ್ಲ, ಆ ಅಲೆಯ ಮೇಲೆ ಹಲಗೆ ಇಟ್ಟುಕೊಂಡು ನಿಲ್ಲುವುದೇ ಆ ಆಟ. ನಿಂತವರಿಗಿಂತ ಬಿದ್ದವರೇ ಹೆಚ್ಚು. ಹಳೆಯ ಬೋಟಿನ ಅಲೆ ಬಹಳ ಸಣ್ಣದು. "ಅಂಕಲ್, ಇದಕ್ಕಿಂತ ನಮ್ಮ ಬಕೆಟ್‌ನಲ್ಲಿ ದೊಡ್ಡ ಅಲೆ ಬರುತ್ತೆ" ಎಂದು ಒಬ್ಬ ಹುಡುಗ ಅಂದೇಬಿಟ್ಟಿದ್ದ. ಅದನ್ನೂ ಸದಾಶಿವಪ್ಪನವರು ನುಂಗಿಕೊಂಡಿದ್ದರು. ಆದರೆ ಯುಗಾದಿಗೆ ಬಂದ ಬೀಗರು ದಡದಲ್ಲಿ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ಆ ಬೋಟನ್ನು ಮೂತಿಯಿಂದ ಬಾಲದವರೆಗೆ ನೋಡಿ "ಪರವಾಗಿಲ್ಲ" ಅಂದದ್ದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

ಹಳೆಯದನ್ನು ಕೊಟ್ಟು ಹೊಸದನ್ನು ತರುವುದೆಂದು ಅವತ್ತೇ ತೀರ್ಮಾನವಾಯಿತು.

ಹೊಸ ಬೋಟು ಟ್ರೇಲರ್ ಮೇಲೆ ಕೂತು ಊರೊಳಗೆ ಬಂದಾಗ ಶಾಗ್ಯದ ಜನ ಮದುವೆ ದಿಬ್ಬಣಕ್ಕೆ ನಿಂತಂತೆ ಬಾಗಿಲಲ್ಲಿ ನಿಂತರು. ಕಡುನೀಲಿ ಬಣ್ಣ, ಬಿಳಿ ಸೀಟು, ಮೇಲೆ ಹಾಡು ಹಾಡುವ ಡಬ್ಬಿಗಳು. ಶಿವರತ್ನಮ್ಮ ಅರಿಸಿನ ಕುಂಕುಮ ಇಟ್ಟು, ವಿಭೂತಿ ಎಳೆದು, ಕಾಯಿ ಒಡೆದರು. ನಿಂಬೆಹಣ್ಣಿನ ವಿಷಯಕ್ಕೆ ಬಂದಾಗ ಪೂಜೆ ನಿಂತುಹೋಯಿತು. ಹೊಸ ಗಾಡಿ ಎಂದ ಮೇಲೆ ಚಕ್ರದಡಿಯಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾಗಬೇಕು. ಚಕ್ರವೇ ಇಲ್ಲದ ವಾಹನದ ಬಗ್ಗೆ ಹಿರಿಯರು ಏನೂ ಹೇಳಿ ಹೋಗಿಲ್ಲ. ಕೊನೆಗೆ ಟ್ರೇಲರಿನ ಚಕ್ರಕ್ಕೇ ಇಟ್ಟು ಶಾಸ್ತ್ರ ಮುಗಿಸಿದರು.

ಬೋಟಿನ ಜೊತೆ ಬಂದ ಮಾರಾಟಗಾರ ಅರ್ಧ ದಿನ ಕೂತು ಪಾಠ ಹೇಳಿದ. ಬೋಟಿನ ಹೊಟ್ಟೆಯೊಳಗೆ ಟ್ಯಾಂಕುಗಳಿವೆ, ಅವಕ್ಕೆ ಜಲಾಶಯದ ನೀರನ್ನೇ ತುಂಬಿಸಿದರೆ ಹಿಂಭಾಗ ಭಾರವಾಗಿ ಕೆಳಗಿಳಿಯುತ್ತದೆ. ಆಗ ಸೈಕಲ್ ತುಳಿದಷ್ಟು ವೇಗದಲ್ಲಿ ಹೋದರೆ ಅಲೆ ಏಳುತ್ತದೆ, ಯಾವ ಪಕ್ಕಕ್ಕೆ ಭಾರ ಹೆಚ್ಚೋ ಆ ಪಕ್ಕದ ಅಲೆ ಇನ್ನೂ ದೊಡ್ಡದು. ಜೋರಾಗಿ ಹೋದರೆ ಅಲೆ ಚಪ್ಪಟೆಯಾಗುತ್ತದೆ. ಈ ಕೊನೆಯ ಮಾತು ಸದಾಶಿವಪ್ಪನವರಿಗೆ ಹಿಡಿಸಲಿಲ್ಲ. ಜೋರಾಗಿ ಹೋದರೆ ದೊಡ್ಡದು, ಮೆಲ್ಲಗೆ ಹೋದರೆ ಸಣ್ಣದು, ಅದಲ್ಲವೇ ಲೋಕದ ನಿಯಮ? ಪಾಪ, ಮಾರುವವನಿಗೆ ಏನು ಗೊತ್ತು ಎಂದುಕೊಂಡು ಹಾಡಿನ ಡಬ್ಬಿಯ ಗುಂಡಿ ಒತ್ತಿ ನೋಡತೊಡಗಿದರು.

ಆ ಮೇಲಿನ ದಿನಗಳು ಬೋಟಿಗೂ ಅವರಿಗೂ ನಡೆದ ಮಹಾಸಂಗ್ರಾಮದ ದಿನಗಳು. ಟ್ರಾಕ್ಟರ್ ಓಡಿಸಿ ಪಳಗಿದ ಅವರ ಬಲಗಾಲು ದಡ ಹತ್ತಿರ ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಬೋಟು ತನ್ನ ಪಾಡಿಗೆ ತಾನು ಹೋಗಿ ಕೆಸರಿಗೆ ಮೂತಿ ಊರುತ್ತಿತ್ತು. ಹಿಂದಕ್ಕೆ ತೆಗೆಯುವುದಂತೂ ಕೇಳಲೇಬೇಡಿ. ಸ್ಟೇರಿಂಗನ್ನು ಎತ್ತ ತಿರುಗಿಸಿದರೂ ಬಾಲ ಎಡಕ್ಕೇ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿದರು, ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದರು, ಇನ್ನಷ್ಟು ಸಂತೋಷದಿಂದ ಎಡಕ್ಕೆ ಹೋಯಿತು. ಬೈದರು, ಬೇಡಿಕೊಂಡರು.

ದಡದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಶಿವರತ್ನಮ್ಮ ತಲೆ ಎತ್ತದೆಯೇ ಹೇಳಿದರು: "ಅದು ಎಡಕ್ಕೇ ಓಯ್ತದೆ ಅಂತ ಗೊತ್ತಾಯ್ತಲ್ಲ. ಕಟ್ಟಾಕೋ ಗೂಟವ ಎಡಗಡೀಕೇ ನೆಟ್ಟುಬುಡಿ."

"ಬೋಟು ಯೋಳ್ದಂಗೆ ನಾನ್ ಕೇಳ್ಬೇಕಾ?"

"ಇನ್ಯಾರ್ ಯೋಳುದ್ರೂ ನೀವ್ ಕೇಳಾಕಿಲ್ವಲ್ಲ."

ಗೂಟ ಎಡಕ್ಕೆ ಹೋಯಿತು. ಮುಂದಕ್ಕೆ ಓಡಿಸುವಾಗ ಮಾತ್ರ ಸದಾಶಿವಪ್ಪನವರು ಯಾರ ಮಾತನ್ನೂ ಕೇಳಲಿಲ್ಲ. ಕೂತರೆ ಕಾಲು ಅಲ್ಲಾಡುವ ಮನುಷ್ಯ ಮೆಲ್ಲಗೆ ಹೋಗುವುದುಂಟೇ? ಬಾಣ ಬಿಟ್ಟಂತೆ ಹೋದರು, ಬಾಣ ಬಿಟ್ಟಂತೆ ಬಂದರು. ಹಿಂದೆ ತಿರುಗಿ ನೋಡಿದರೆ ನೀರು ಇಸ್ತ್ರಿ ಮಾಡಿದ ಪಂಚೆಯ ಹಾಗೆ ಮಲಗಿತ್ತು. ಅಲೆಯ ಬೋಟು ಎಂದು ತಂದದ್ದು ಅಲೆಯನ್ನೇ ಎಬ್ಬಿಸುತ್ತಿಲ್ಲವಲ್ಲ ಎಂದು ಇನ್ನಷ್ಟು ಜೋರಾಗಿ ಓಡಿಸಿದರು. ಅಷ್ಟರಲ್ಲಿ ಬೀಗರಿಗೆ ಫೋನು ಮಾಡಿ ಭಾನುವಾರದ ಊಟಕ್ಕೆ ಕರೆದೂ ಆಗಿತ್ತು.

ಭಾನುವಾರ ಬೀಗರು, ಬೀಗಿತಿ, ಕೋಮಲ ಬಂದರು. ಸಿದ್ದಮಲ್ಲಪ್ಪನವರದು ಕಬ್ಬಿನ ಲೋಡಿನಂಥ ಭಾರೀ ಶರೀರ. ಅವರು ಕಾರಿನಿಂದ ಇಳಿದರೆ ಕಾರು ನಿಟ್ಟುಸಿರು ಬಿಟ್ಟು ಮೇಲೇಳುತ್ತದೆ. ನೀರಿನ ಅಂಚಿನಲ್ಲಿದ್ದ ಹೊಂಗೆ ಮರದ ಕೆಳಗೆ ಶಿವರತ್ನಮ್ಮ ಜಮಖಾನ ಹಾಸಿ, ಎಲೆ ಹಾಕಿ, ಒಬ್ಬಟ್ಟು, ಕೋಸಂಬರಿ, ಚಿತ್ರಾನ್ನ, ಪಾಯಸದ ಪಾತ್ರೆ ಎಲ್ಲವನ್ನೂ ಜೋಡಿಸಿಟ್ಟರು. ಗಂಡಸರು ಒಂದು ಸುತ್ತು ಹೋಗಿಬಂದ ಮೇಲೆ ಊಟ ಎಂದಾಯಿತು.

ಬೀಗರೆಂದ ಮೇಲೆ ಒಳ್ಳೆಯ ಜಾಗದಲ್ಲೇ ಕೂರಿಸಬೇಕು. ಬೋಟಿನಲ್ಲಿ ಎಲ್ಲಕ್ಕಿಂತ ಮೆತ್ತನೆಯ ಸೀಟು ಹಿಂಬದಿಯ ಎಡಮೂಲೆಯಲ್ಲಿತ್ತು. ಸದಾಶಿವಪ್ಪನವರು ಅದನ್ನು ತಮ್ಮ ಟವೆಲ್ಲಿನಲ್ಲೇ ಒರೆಸಿ ಅಲ್ಲಿ ಕೂರಿಸಿದರು. ಬೋಟು ಎಡಕ್ಕೆ ವಾಲಿತು. ಶುಭಕಾರ್ಯಕ್ಕೆ ಹೊರಡುವಾಗ ಯಾವುದೂ ಖಾಲಿ ಇರಬಾರದು ಎಂದು ಟ್ಯಾಂಕುಗಳನ್ನು ಬೆಳಿಗ್ಗೆಯೇ ಕಂಠಮಟ್ಟ ತುಂಬಿಸಿದ್ದರು. ಇನ್ನು ವೇಗದ ಮಾತು. ಹಿರಿಯರನ್ನು ಕೂರಿಸಿಕೊಂಡು ಯಾರಾದರೂ ಜೋರಾಗಿ ಓಡಿಸುತ್ತಾರೆಯೇ? ಜನ್ಮದಲ್ಲಿ ಮೊದಲ ಸಲ ಸದಾಶಿವಪ್ಪನವರು ತಮ್ಮ ಅವಸರವನ್ನು ಅದುಮಿಟ್ಟುಕೊಂಡು, ಮರ್ಯಾದೆಗೆ ತಕ್ಕಂತೆ, ಸೈಕಲ್ ತುಳಿದ ಹಾಗೆ ಹೊರಟರು.

ಹೆಂಗಸರಿಗೂ ಚೆನ್ನಾಗಿ ಕಾಣಲಿ ಎಂದು ದಡದ ಪಕ್ಕದಲ್ಲೇ ಹೋದರು. ಬೀಗರ ಮುಖದ ಕಡೆ ತಿರುಗಿ ನೋಡುವ ಆಸೆಯನ್ನು ಹಲ್ಲು ಕಚ್ಚಿ ತಡೆದರು. ಬೀಗರು ಏನಾದರೂ ಅನ್ನುತ್ತಾರೇನೋ ಎಂದು ಕಿವಿಯನ್ನು ಮಾತ್ರ ಹಿಂದಕ್ಕೆ ಕೊಟ್ಟರು. ಕೇಳಿಸಿದ್ದು ಭೋರೆಂದು ನೀರು ನುಗ್ಗುವಂಥ ಸದ್ದು. ತಡೆಯಲಾರದೆ ತಿರುಗಿದರು.

ಸಿದ್ದಮಲ್ಲಪ್ಪನವರ ಭುಜದ ಹಿಂದೆ ನೀರಿನ ಒಂದು ಗುಡ್ಡ ಎದ್ದು ನಿಂತಿತ್ತು. ಹಸಿರಾಗಿ, ನುಣ್ಣಗೆ, ಎದೆಯೆತ್ತರಕ್ಕೆ. ಬೋಟು ಎಷ್ಟು ಮೆಲ್ಲಗೆ ಹೋಗುತ್ತಿತ್ತೋ ಅದೂ ಅಷ್ಟೇ ಮೆಲ್ಲಗೆ, ಬಿಡದೆ ಹಿಂಬಾಲಿಸುತ್ತಿತ್ತು. ಬೀಗರು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದರು. ಸದಾಶಿವಪ್ಪನವರು ಗಾಬರಿಯಲ್ಲಿ ಸ್ಟೇರಿಂಗ್ ತಿರುಗಿಸಿದರು. ಬೋಟು ಜಲಾಶಯದ ನಡುವಿಗೆ ತಿರುಗಿತು, ಅಲೆ ನೇರವಾಗಿ ಹೊಂಗೆ ಮರದ ಕಡೆ ಹೊರಟಿತು.

"ಕೋಮಲಾ, ಏಳು, ಅತ್ತೆಮ್ಮುನ್ನ ಎಬ್ಬುಸು" ಎಂದು ಶಿವರತ್ನಮ್ಮ ಕೂಗಿದ್ದು ಕೇಳಿಸಿತು. ಹೆಂಗಸರು ಹಿಂದಿನ ದಿಬ್ಬ ಹತ್ತಿ ಬಚಾವಾದರು. ಅಲೆ ಜಮಖಾನದ ಮೇಲೆ ಸಾವಕಾಶವಾಗಿ ಹತ್ತಿ, ಎಲೆಗಳನ್ನು ಎತ್ತಿಕೊಂಡು, ಪಾಯಸದ ಪಾತ್ರೆಯನ್ನು ತೇಲಿಸಿಕೊಂಡು, ಬಂದ ದಾರಿಯಲ್ಲೇ ವಾಪಸು ಹೋಯಿತು. ಒಬ್ಬಟ್ಟುಗಳು ಒಂದರ ಹಿಂದೊಂದು ಜಲಾಶಯದ ನಡುವಿಗೆ ಸಾಗಿದವು.

ಮುಗಿಯಿತು ಅಂದುಕೊಂಡರು ಸದಾಶಿವಪ್ಪನವರು. ಬೀಗರ ಊಟವನ್ನು ನೀರುಪಾಲು ಮಾಡಿದವನು ಎಂದು ಇನ್ನು ಮುಂದೆ ಪ್ರಸಿದ್ಧಿ. ಮಗಳ ಮುಖ ನೋಡಲೂ ನಾಚಿಕೆಯಾಯಿತು. ಆಗ ಹಿಂದಿನಿಂದ ಗೊರಗೊರ ಎಂಬ ಸದ್ದು ಬಂತು. ಎಂಜಿನ್ನೇ ಕೆಟ್ಟಿತೇನೋ ಅಂದುಕೊಂಡರು. ಎಂಜಿನ್ನಲ್ಲ, ಬೀಗರು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರು.

"ಎಂಥಾ ಬೋಟು ಕಣ್ರಿ ಬೀಗ್ರೆ. ನಾನು ಉಟ್ದಾಗಿಂದ ಇಂಥಾದ್ದ ಕಂಡಿಲ್ಲ. ಬಾಳ ಚೆಂದಾಗದೆ, ಬಾಳ ಬಾಳ ಚೆಂದಾಗದೆ."

ಸದಾಶಿವಪ್ಪನವರ ಕಣ್ಣು ಮಂಜಾಯಿತು. ಎದೆ ಎಷ್ಟು ಉಬ್ಬಿತೆಂದರೆ ಶರಟಿನ ಗುಂಡಿ ಕಿತ್ತು ಬರುವುದೊಂದು ಬಾಕಿ. ಆ ಉಬ್ಬಿದ ಎದೆಯಿಂದ, ನಮ್ಮ ಕಡೆ ಬೀಗರು ಏನನ್ನಾದರೂ ಮೆಚ್ಚಿದರೆ ಹೇಳುವ ಮಾತು ತಾನಾಗಿಯೇ ಹೊರಬಿತ್ತು: "ಅಯ್ಯೋ, ನಿಮ್ದೇ ಕಣ್ರಿ, ತಕಂಡೋಗಿ."

ಬೀಗರು ತಟ್ಟನೆ ನಗು ನಿಲ್ಲಿಸಿದರು. "ಬ್ಯಾಡ ಬ್ಯಾಡ, ಎಲ್ಲಾರಾ ಉಂಟಾ."

"ನಿಮ್ಗಿಂತ ಎಚ್ಚಾ ಇದು? ತಕಂಡೋಗಿ ಅಂದ್ನಲ್ಲ."

"ಬ್ಯಾಡಿ ಬೀಗ್ರೆ, ನಾನ್ ಏನೋ ಬಾಯ್ ತಪ್ಪಿ ಅಂದ್ಬುಟ್ಟಿ."

ಬೇಡ ಅಂದಷ್ಟೂ ಒತ್ತಾಯ ಮಾಡುವುದು ಸಂಪ್ರದಾಯ. "ನೀವು ಬ್ಯಾಡ ಅಂದ್ರೆ ನಂಗೆ ಬೇಜಾರಾಯ್ತದೆ ನೋಡಿ" ಎಂದು ಸದಾಶಿವಪ್ಪನವರು ಮೂರನೆಯ ಸಲವೂ ಅಂದುಬಿಟ್ಟರು.

ಸಿದ್ದಮಲ್ಲಪ್ಪನವರು ಮೆತ್ತನೆಯ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಎರಡೂ ಕೈ ಜೋಡಿಸಿ, "ಇಷ್ಟ್ ಮನಸಾರೆ ಯೋಳ್ತಿರೋವಾಗ ಇನ್ನೂ ಬ್ಯಾಡ ಅಂದ್ರೆ ನಿಮ್ಗೆ ಅವಮಾನ ಮಾಡ್ದಂಗಾಯ್ತದೆ. ಆಗ್ಲಿ" ಅಂದರು.

ದಡದಲ್ಲಿ ಒದ್ದೆ ಜಮಖಾನ ಹಿಂಡುತ್ತ ನಿಂತಿದ್ದ ಕೋಮಲ ಸುದ್ದಿ ಕೇಳಿ ಅಪ್ಪನನ್ನು ಪಕ್ಕಕ್ಕೆ ಎಳೆದುಕೊಂಡು ಹೋದಳು. "ಅಪ್ಪಾಜಿ, ನಮ್ ಮಾವ ಯಾಕೆ ಏನೂ ಒಗಳಾಕಿಲ್ಲ ಗೊತ್ತಾ? ಅಗರದಲ್ಲಿ ಅವ್ರ ಅಕ್ಕನ ಮನೆ ಎಮ್ಮೆ ಚೆಂದಾಗದೆ ಅಂದಿದ್ರಂತೆ. ಬ್ಯಾಡ ಬ್ಯಾಡ ಅಂದ್ರೂ ಅವ್ರು ಅಟ್ಕಂಡ್ ಬಂದು ನಮ್ ಕೊಟ್ಟಿಗೇಲಿ ಕಟ್ಟೋದ್ರು. ಅಲ್ಲಿ ಮಕ್ಳಿಗೆ ಆಲಿಲ್ದಂಗಾಯ್ತು. ಅವತ್ನಿಂದ ಯಾರ್ ಮನೇಲೂ ಬಾಯ್ ಬುಡಾಕಿಲ್ಲ. ಎದುರ್ಗಿರೋರ ವಸ್ತು ಉಳೀಲಿ ಅಂತ ಪರವಾಗಿಲ್ಲ ಅಂತಾರೆ."

ಸದಾಶಿವಪ್ಪನವರ ಕಾಲಿನ ಕೆಳಗಿನ ನೆಲ ಜಾರಿತು. (ಜಾರಿದ್ದು ಕೆಸರಿಗೂ ಇರಬಹುದು.) ಮಾರನೆಯ ದಿನ ಕುಂತೂರಿನಿಂದ ಕಬ್ಬು ಸಾಗಿಸುವ ಟ್ರಾಕ್ಟರ್ ಬಂತು. ಬೋಟು ಟ್ರೇಲರ್ ಏರಿ, ಕುಂಕುಮ ಮಾಸುವ ಮೊದಲೇ, ಗಂಡನ ಮನೆಗೆ ಹೊರಟ ಹೆಣ್ಣಿನಂತೆ ಹೊರಟುಹೋಯಿತು.

ಆ ಮೇಲಿನ ಸದಾಶಿವಪ್ಪನವರ ಸ್ಥಿತಿಯನ್ನು ವರ್ಣಿಸುವುದು ಬೇಡ. ದಿನಕ್ಕೆ ನಾಲ್ಕು ಸಲ ಖಾಲಿ ಗೂಟದ ಹತ್ತಿರ ಹೋಗಿ ನಿಲ್ಲುವರು. ಕೊನೆಗೊಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕೂತರು.

"ಲೇ ರತ್ನಾ, ಕುಂತೂರ್ಗೆ ಓಗಾವ. ನಾನು ಬೋಟ ಒಗಳ್ತೀನಿ. ಒಗಳುದ್ರೆ ತಕಂಡೋಗಿ ಅನ್ನಲೇಬೇಕಲ್ಲ ಅವ್ರು?"

"ನಗೆಪಾಟ್ಲಾಯ್ತೀರಿ, ಸುಮ್ಕಿರಿ."

ಸುಮ್ಮನಿರುವುದಂತೂ ಆಗದ ಮಾತು ಎಂದು ಮೊದಲೇ ಹೇಳಿದ್ದೇನೆ. ಹೆಂಡತಿಯನ್ನೂ ಕರೆದುಕೊಂಡು ಹೊರಟೇಬಿಟ್ಟರು. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸುವಾಗಲೂ ಅವರು ತುಟಿಯೊಳಗೇ ಹೊಗಳಿಕೆ ಅಭ್ಯಾಸ ಮಾಡುತ್ತಿದ್ದರು. ಕುಂತೂರಿನ ಕೆರೆಯಲ್ಲಿ ಬೋಟು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಸಿದ್ದಮಲ್ಲಪ್ಪನವರು ಓಡೋಡಿ ಬಂದು ಬೀಗರ ಕೈ ಹಿಡಿದು ದಡಕ್ಕೆ ಕರೆತಂದರು. ಸದಾಶಿವಪ್ಪನವರು ಶುರುಮಾಡಿದರು. ಬಣ್ಣ ಹೊಗಳಿದರು, ಸೀಟು ಹೊಗಳಿದರು, ಎಂಜಿನ್ನಿನ ದನಿ ಹೊಗಳಿದರು. ಅಲೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ ಅಂದರು. ಇದರ ಹಾಗೆ ಇನ್ನೊಂದಿಲ್ಲ, ಕನಸಲ್ಲೂ ಇದೇ ಬರುತ್ತದೆ ಅಂದರು. (ಇದೊಂದು ಮಾತ್ರ ಪೂರ್ತಿ ನಿಜ.) ಮಾತು ಮುಗಿಸಿ, "ತಕಂಡೋಗಿ" ಎಂಬ ಮಾತಿಗೆ ಕಾದು ನಿಂತರು.

ಸಿದ್ದಮಲ್ಲಪ್ಪನವರ ಕಣ್ಣು ತುಂಬಿ ಬಂತು.

"ಇಷ್ಟೊಂದು ಆಸೆ ಇಟ್ಕಂಡಿದ್ ವಸ್ತುವ ಒಂದೇ ಮಾತ್ಗೆ ನಂಗೆ ಕೊಟ್ಬುಟ್ರಲ್ಲ ಬೀಗ್ರೆ. ಯಾರ್ ಕೇಳುದ್ರೂ ಇದ ನಾನು ಬುಟ್ಟುಕೊಡಾಕಿಲ್ಲ, ನಾನಿರಗಂಟ ಇದು ನಿಮ್ಮ ಗುರ್ತು." ಅವರು ಶಿವರತ್ನಮ್ಮನವರ ಕಡೆ ತಿರುಗಿದರು. ಆ ಎಮ್ಮೆಯ ಪ್ರಸಂಗವಾದ ಮೇಲೆ ಎರಡನೆಯ ಸಲ ಅವರ ಬಾಯಿಂದ ಹೊಗಳಿಕೆ ಹೊರಬಿತ್ತು. "ಕೊಳ್ಳೇಗಾಲ, ಅನೂರು, ಯಳಂದೂರು, ಮೂರು ತಾಲೂಕು ಉಡುಕುದ್ರೂ ಇಂಥಾ ಮನುಸ ಸಿಕ್ಕಾಕಿಲ್ಲ ಕಣಮ್ಮಾ. ಬಾಳ ಒಳ್ಳೆ ಮನುಸ."

ಶಿವರತ್ನಮ್ಮ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಅಯ್ಯೋ, ನಿಮ್ದೇ ಕಣ್ರಿ ಬೀಗ್ರೆ" ಅಂದರು. "ತಕಂಡೋಗಿ."

ಬೀಗರು "ಬ್ಯಾಡ ಬ್ಯಾಡ" ಅಂದರು. ಶಿವರತ್ನಮ್ಮ ಸೆರಗು ಸರಿಮಾಡಿಕೊಂಡು, ಎರಡನೆಯ ಸಲ ಹೇಳುವುದಕ್ಕೆ ಬಾಯಿ ತೆರೆದರು.