ಮೆಂಬರ್ ಜತ್ತಪ್ಪನ ದಾಕು

ಜತ್ತಪ್ಪ ಹಟ್ಟಿಯಲ್ಲಿ ಕೂತು ಹಾಲು ಕರೆಯುತ್ತಿದ್ದ. ಚೆಂಬು ಅರ್ಧವೂ ತುಂಬಿರಲಿಲ್ಲ, ಬೇಲಿಯಾಚೆಯಿಂದ ನೆರೆಮನೆಯ ತಿಮ್ಮಕ್ಕನ ಸ್ವರ ಬಂತು.

"ಮೆಂಬರೇ, ದಾಕು ಹಾಕುವ ಪದ್ಮಯ್ಯ ಬಂದ್ರು ಮಾರಾಯ್ರೆ! ಮಧ್ಯಾಹ್ನದ ಊಟ ನಿಮ್ಮಲ್ಲೇ ಅಂತೆ!"

ಜತ್ತಪ್ಪನ ಕೈ ನಿಂತಿತು. ಹಸು ತಿರುಗಿ ನೋಡಿತು. ಅಷ್ಟರಲ್ಲಿ ಕರು ಹಗ್ಗ ಬಿಡಿಸಿಕೊಂಡು ಬಂದು ಉಳಿದ ಹಾಲನ್ನು ತಾನೇ ಮುಗಿಸಿತು.

ತಪ್ಪು ಅವನದೇ. ಪಂಚಾಯತಿ ಮೆಂಬರ್ ಆದ ಹುರುಪಿನಲ್ಲಿ ಅಜ್ಜಾವರದ ಮನೆಮನೆಗೂ ಹೋಗಿ ಸಿಡುಬಿನ ದಾಕಿನ ಬಗ್ಗೆ ಭಾಷಣ ಬಿಗಿದಿದ್ದ. "ಎರಡು ದಿನ ಜ್ವರ, ಒಂದಿಷ್ಟು ತೋಳು ನೋವು. ಅಷ್ಟು ಕೊಟ್ಟರೆ ಜೀವ ಉಳಿತದೆ. ಇದರಲ್ಲಿ ನಷ್ಟ ಎಂತ ಉಂಟು?" ಹೇಳುವಾಗ ಹುಲಿಯ ಹಾಗಿದ್ದ. ಆದರೆ ದಾಕು ಹಾಕಲು ತೋಳಿಗೆ ಒತ್ತಿ ತಿರುಗಿಸುವ ಆ ಹಲ್ಲಿನ ಬಿಲ್ಲೆಯನ್ನು ನೆನೆದರೆ ಸಾಕು, ಆ ಹುಲಿ ಬೆಕ್ಕಿನ ಮರಿಯಾಗುತ್ತಿತ್ತು.

ತಿಮ್ಮಕ್ಕ ಮೊಮ್ಮಕ್ಕಳನ್ನು ಸೆರಗಿಗೆ ಕಟ್ಟಿಕೊಂಡವಳಂತೆ ಅಂಗಳಕ್ಕೇ ಬಂದಳು. "ಮೊದಲು ನಿಮ್ಮ ತೋಳು ನೋಡುವ. ನಿಮಗೆ ಹಾಕದೆ ಈ ಮಕ್ಕಳನ್ನು ನಾನು ಕಳಿಸುದಿಲ್ಲ. ಊರಿನವರೂ ಅದನ್ನೇ ಹೇಳುದು."

"ನನ್ನದು ಮೊನ್ನೆ ರಾಮಕುಂಜದಲ್ಲೇ ಆಯ್ತಲ್ಲ!" ಎಂದುಬಿಟ್ಟ ಜತ್ತಪ್ಪ. ಹಟ್ಟಿಯ ಹಿಂದೆ ಓಡಿ, ಹಳೆಯ ಬೈರಾಸಿನ ಬಟ್ಟೆಯ ತುಂಡಿನಲ್ಲಿ ಬೇವಿನ ಸೊಪ್ಪಿಟ್ಟು ಎಡತೋಳಿಗೆ ಸುತ್ತಿ, ನರಳುತ್ತಾ ಬಂದ.

"ಅಯ್ಯೋ, ನನಗೆ ಹೇಳಲೇ ಇಲ್ಲವಲ್ಲ!" ಎಂದಳು ಹೆಂಡತಿ ಕಮಲಾವತಿ.

ಆರು ವರ್ಷದ ಮಗಳು ಪ್ರೇಮ ಪದ್ಮಯ್ಯನ ಪೆಟ್ಟಿಗೆ ಕಂಡದ್ದೇ ಅಳಲು ಸುರುಮಾಡಿತು. ಜತ್ತಪ್ಪ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ. "ನೋಡು ಮಗಾ, ನಿನ್ನದೂ ಎಡಗೈ, ನನ್ನದೂ ಎಡಗೈ. ನಾನು ಅತ್ತೆನಾ?" ಪ್ರೇಮ ಕಣ್ಣು ಮುಚ್ಚಿ ತೋಳು ಚಾಚಿತು. ಬಿಲ್ಲೆ ತಿರುಗಿದಾಗ ಕಿರುಚಿದ್ದು ಮಾತ್ರ ಜತ್ತಪ್ಪ.

ಅದನ್ನು ಕಂಡು ತಿಮ್ಮಕ್ಕನ ಮೊಮ್ಮಕ್ಕಳೂ ಹಾಕಿಸಿಕೊಂಡರು. ಅವರ ಹಿಂದೆ ಊರಿಗೆ ಊರೇ ಬಂತು.

ಮಧ್ಯಾಹ್ನ ಪದ್ಮಯ್ಯನಿಗಾಗಿ ಕೋಳಿ ಸಾರು ಕುದಿಯುತ್ತಿತ್ತು. ಅದರ ಪರಿಮಳಕ್ಕೆ ಜತ್ತಪ್ಪನ ಹೊಟ್ಟೆ ಅಡುಗೆಮನೆಗೆ ಅವನಿಗಿಂತ ಮೊದಲೇ ಹೋಗಿ ಕೂತಿತ್ತು.

"ನಿಮಗೆ ಗಂಜಿ ಮಾತ್ರ," ಎಂದು ತಿಮ್ಮಕ್ಕ ಅಡ್ಡ ನಿಂತಳು. "ದಾಕಿನ ಗುಳ್ಳೆ ಎದ್ದ ಮೈಯಲ್ಲಿ ಸಿಡುಬಿನ ಅಮ್ಮ ಇರ್ತಾಳೆ. ಕೋಳಿ ಇಲ್ಲ, ಮೀನಿಲ್ಲ, ಒಗ್ಗರಣೆಯ ವಾಸನೆ ಸಹ ಆಗುದಿಲ್ಲ. ಮಗುವಿಗೆ ಇನ್ನೂ ಎದ್ದಿಲ್ಲ, ಅದು ತಿನ್ನಲಿ. ಎಲ್ಲಿ, ಸೊಪ್ಪು ಬಾಡಿದೆ, ಬಿಚ್ಚಿ. ಹೊಸತು ಕಟ್ತೇನೆ."

"ನಾನೇ ಕಟ್ಟಿಕೊಳ್ತೇನೆ!" ಜತ್ತಪ್ಪ ಸೊಪ್ಪು ಕಸಿದುಕೊಂಡು ಕತ್ತಲೆ ಕೋಣೆಗೆ ನುಗ್ಗಿದ. ಬಾಗಿಲಾಚೆ ತಿಮ್ಮಕ್ಕನ ಬಳೆ ಸದ್ದಾಗುತ್ತಿತ್ತು. ಗಡಿಬಿಡಿಯಲ್ಲಿ ಸುತ್ತಿ, ಹಲ್ಲಿನಲ್ಲಿ ಗಂಟು ಬಿಗಿದು ಹೊರಬಂದ.

ಪ್ರೇಮ ಅಪ್ಪನನ್ನು ನೋಡಿತು, ತನ್ನ ತೋಳನ್ನು ನೋಡಿತು, ಮತ್ತೆ ಅಪ್ಪನನ್ನು ನೋಡಿತು. "ಅಪ್ಪಾ, ಒಂದು ಕೇಳ್ಲಾ?"

"ಮತ್ತೆ ಕೇಳು. ಈಗ ಸುಮ್ಮನೆ ಉಣ್ಣು."

ಒಗ್ಗರಣೆಯಿಲ್ಲದ ಗಂಜಿಯನ್ನು ಜತ್ತಪ್ಪ ಕಷಾಯದ ಹಾಗೆ ನುಂಗಿದ. ಎದುರಿಗೆ ಪದ್ಮಯ್ಯ ಕೋಳಿಯ ಎಲುಬು ಕಡಿಯುತ್ತಾ, "ಎಲ್ಲಿ ಮೆಂಬರೇ, ಸರಿಯಾಗಿ ಎದ್ದಿದೆಯಾ? ಒಮ್ಮೆ ಬಿಚ್ಚಿ," ಎಂದ.

ಜತ್ತಪ್ಪ ಬೆವತುಹೋದ. ಕಾಪಾಡಿದವಳು ತಿಮ್ಮಕ್ಕನೇ. "ಈಗ ತಾನೇ ಕಟ್ಟಿದ ಸೊಪ್ಪು ಬಿಚ್ಚಿದರೆ ಅಮ್ಮನಿಗೆ ಸಿಟ್ಟು ಬರ್ತದೆ!"

ಯಾವ ನಂಬಿಕೆಯನ್ನು ಬಿಡಿ ಎಂದು ಊರೆಲ್ಲ ಸಾರಿದ್ದನೋ, ಅದಕ್ಕೇ ಜತ್ತಪ್ಪ ಮನಸ್ಸಿನಲ್ಲಿ ಕೈಮುಗಿದ.

ಪದ್ಮಯ್ಯ ನಕ್ಕ. "ಆಗಲಿ, ಬಿಚ್ಚುದು ಬೇಡ. ಆದರೆ ಈ ಪಥ್ಯ ಎಂತಕ್ಕೆ? ಕೋಳಿ ತಿಂದರೆ ದಾಕಿಗೇನೂ ಆಗುದಿಲ್ಲ. ಕಮಲಕ್ಕಾ, ಮೆಂಬರಿಗೂ ಬಡಿಸಿ."

ಜತ್ತಪ್ಪನಿಗೆ ಸ್ವರ್ಗ ಕಂಡಿತು. ಮಾನ ಉಳಿಯಿತು, ತೋಳು ಉಳಿಯಿತು, ಕಾಲಿನ ತುಂಡೊಂದು ಎಲೆಗೂ ಬಂತು. ಅವನು ಅಂಗಿ ತೋಳು ಮೇಲೇರಿಸಿ, ಎಲ್ಲರೆದುರು ಬಲಗೈ ಚಾಚಿ ತುಂಡನ್ನೆತ್ತಿದ.

ಪ್ರೇಮಳಿಗೆ ಇನ್ನು ತಡೆಯಲಾಗಲಿಲ್ಲ.

"ಅಪ್ಪಾ, ಬೆಳಿಗ್ಗೆ ಎಡಗೈಯಲ್ಲಿದ್ದ ದಾಕು ಈಗ ಬಲಗೈಗೆ ಹೇಗೆ ಬಂತು?"