ಉಪ್ಪಿನ ಭರಣಿಗೆ ಎರಡು ಚೀಟಿ

ನಮ್ಮ ಮೇಲಿನ ಮನೆಯ ಮಾಮ ಜಗತ್ತಿನಲ್ಲಿ ಇನ್ನಾರೂ ಕೈಹಾಕದ ಕೆಲಸವೊಂದನ್ನು ಹಿಡಿದಿದ್ದಾರೆ. ಯಾರೂ ಕೈಹಾಕದಿರುವುದಕ್ಕೆ ಕಾರಣವೂ ಇದೆ: ಅದರಿಂದ ಯಾರಿಗೂ ಎಳ್ಳಷ್ಟೂ ಪ್ರಯೋಜನವಿಲ್ಲ! ಅವರು ಕೊಂಕಣಿಯನ್ನೂ ಸುಂದಾ ಭಾಷೆಯನ್ನೂ ಹೋಲಿಸುತ್ತಿದ್ದಾರೆ. ಸುಂದಾ ಎಂದರೆ ಇಂಡೋನೇಷ್ಯಾದಲ್ಲಿ, ಜಾವಾ ದ್ವೀಪದ ಪಶ್ಚಿಮ ಭಾಗದವರ ಮಾತು. ಹೋಲಿಕೆ ನಡೆಯುವ ಜಾಗ ಯಾವುದು ಅಂತೀರಿ? ಜಾವಾವೂ ಅಲ್ಲ, ಕುಮಟೆಯೂ ಅಲ್ಲ. ಕಾಶಿಯ ಸೋನಾರ್‌ಪುರದಲ್ಲಿ, ಸರಿಯಾಗಿ ನನ್ನ ಅಡುಗೆಮನೆಯ ಮೇಲೆ.

ಮಾಮ ಕುಮಟೆಯ ಕಡೆಯವರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಜೀವಮಾನವೆಲ್ಲ ಒಣಗಿದ ಗಿಡಗಳಿಗೆ ಚೀಟಿ ಕಟ್ಟಿದ ಕೈ ಸುಮ್ಮನಿರುತ್ತದೆಯೇ? ಈಗ ಮನೆಯ ಸಾಮಾನಿಗೆಲ್ಲ ಎರಡೆರಡು ಚೀಟಿ. ಉಪ್ಪಿನ ಭರಣಿಯ ಕೊರಳಲ್ಲಿ ಕೊಂಕಣಿಯ 'ಮೀಠ', ಸುಂದಾದ 'ಉಯಾ'. ತೆಂಗಿನಕಾಯಿಯ ಜುಟ್ಟಿಗೆ 'ನಾರ್ಲು', 'ಕಲಪಾ'. ಕರಿಬೇವು ಕೇಳಲು ಹೋದವಳು ಅರ್ಧ ಗಂಟೆ ಅಲ್ಲಾಡದೆ ಕೂತರೆ ನನ್ನ ಜಡೆಗೂ ಒಂದು ಚೀಟಿ ಗ್ಯಾರಂಟಿ!

ಸುಂದಾ ಚೀಟಿಗಳನ್ನು ಬರೆಸುವವಳು ಅಲ್ಲಿನ ಬಾಂಡುಂಗ್ ಊರಿನ ಹುಡುಗಿ. ಸಂಸ್ಕೃತ ಓದಲು ಬಂದವಳು. ಇಲ್ಲೇ ಕಾಶಿಯ ಲಂಕಾ ಪೇಟೆಯ ಪುಸ್ತಕದಂಗಡಿಯೊಂದರಲ್ಲಿ ಮಾಮ ಅವಳನ್ನು ಕಂಡು, ಈ ಊರಿನಲ್ಲಿ ನಿನ್ನ ಮಾತಿನವರು ಎಷ್ಟು ಮಂದಿ ಎಂದು ವಿಚಾರಿಸಿದರಂತೆ. ನಾನೊಬ್ಬಳೇ ಎಂದಳಂತೆ. ಮಾಮನಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಸಂಶೋಧನೆ, ಅಂದರೆ ಹಿಂದಿಯಲ್ಲಿ ಜಗಳ.

ಮೊದಲ ದಿನವೇ ಮಾಮ ಮೆಟ್ಟಿಲಿಳಿದು ಓಡಿಬಂದಿದ್ದರು. ಅವಳ ಭಾಷೆಯಲ್ಲಿ ಚಿಕ್ಕಪ್ಪನಿಗೆ 'ಮಮಾಂಗ್' ಎನ್ನುತ್ತಾರಂತೆ, ನಮ್ಮಲ್ಲಿ 'ಮಾಮ', ಎರಡೂ ಅಕ್ಕತಂಗಿಯರು ಎನ್ನುವುದಕ್ಕೆ ಇನ್ನೆಂತ ಪುರಾವೆ ಬೇಕು ಎಂದು ಕೇಳಿದರು. ಆಮೇಲೆ ಉಪ್ಪು ಹೊಂದಲಿಲ್ಲ, ಮೀನು ಹೊಂದಲಿಲ್ಲ, ಬಾಳೆಹಣ್ಣೂ ಕೈಕೊಟ್ಟಿತು. ಮಾಮ ಹೆದರುವ ಆಸಾಮಿಯೇ? ಇಬ್ಬರೂ ತೆಂಗು ತಿನ್ನುವವರು, ಮೀನು ತಿನ್ನುವವರು, ಸಮುದ್ರದ ಮಕ್ಕಳು ಎಂದು ವಾದ ಹೂಡಿದರು. ನಮ್ಮದು ಬೆಟ್ಟದೂರು, ನಾನು ಸಮುದ್ರ ನೋಡಿದ್ದೇ ಹನ್ನೆರಡನೇ ವಯಸ್ಸಿನಲ್ಲಿ ಎಂದಳು ಹುಡುಗಿ. ಅದು ಸಮುದ್ರದ ತಪ್ಪು ಎಂದರು ಮಾಮ!

ನಮಗೆ ನಮ್ಮದೇ ಲಿಪಿ ಇದೆ ಎಂದು ಅವಳು ಜಂಬ ಪಟ್ಟಾಗಲೂ ಮಾಮ ಸೋಲಲಿಲ್ಲ. ಕೊಂಕಣಿಯನ್ನು ಐದು ಲಿಪಿಯಲ್ಲಿ ಬರೆಯುತ್ತಾರೆ, ಐದು ದೊಡ್ಡದೋ ಒಂದು ದೊಡ್ಡದೋ ಎಂದು ಕೇಳಿದರು. ಎಲ್ಲವೂ ಕಡ ತಂದದ್ದಲ್ಲವೇ ಎಂದು ನಾನು ಬಾಯಿ ಹಾಕಿದೆ. ಎರಡು ವಾರ ನನಗೆ ಕರಿಬೇವು ಸಿಗಲಿಲ್ಲ.

ಇಷ್ಟು ಸಾಲದು ಎಂಬಂತೆ ಅವರಿಗೆ ಇನ್ನೊಂದು ಚಾಳಿ. ಬಾಗಿಲಿಗೆ ಯಾರೇ ಬರಲಿ, "ಜೆವಣ ಜಾಲ್ಲೆವೇ?" ಎಂದು ಕೇಳುತ್ತಾರೆ. ಊಟವಾಯಿತೇ ಎಂದರ್ಥ. ಗ್ಯಾಸ್ ಸಿಲಿಂಡರಿನವನನ್ನು ಕೇಳುತ್ತಾರೆ, ಕರೆಂಟ್ ಬಿಲ್ಲಿನವನನ್ನು ಕೇಳುತ್ತಾರೆ, ಕಿಟಕಿಗೆ ಬಂದ ಕೋತಿಯನ್ನೂ ಕೇಳಿದ್ದಾರೆ. ಕೋತಿ ಮಾತ್ರ ಅರ್ಥವಾದಂತೆ ಒಳಗೆ ಬಂತು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಹಾಸ್ಟೆಲಿನಿಂದ ಫೋನ್ ಬಂತು. ಹುಡುಗಿಗೆ ಮಲೇರಿಯಾ, ಆಸ್ಪತ್ರೆಗೆ ಸೇರಿಸಿದ್ದಾರೆ, ಜ್ವರ ತಲೆಗೇರಿದೆ. ಮಾಮ ಚಪ್ಪಲಿ ಅದಲುಬದಲು ಹಾಕಿಕೊಂಡೇ ಇ-ರಿಕ್ಷಾ ಹತ್ತಿದರು, ಬುತ್ತಿ ಹಿಡಿದು ನಾನೂ ಹತ್ತಿದೆ. ಹೋಗಿ ನೋಡಿದರೆ, ಹಿಂದಿ ಇಂಗ್ಲಿಷ್ ಎಲ್ಲ ಅವಳ ತಲೆಯಿಂದ ಹಾರಿಹೋಗಿ ಬರೀ ಸುಂದಾ ಉಳಿದಿತ್ತು. ಎಲ್ಲಿ ನೋವು ಎಂದು ಡಾಕ್ಟರಿಗೆ ತಿಳಿಯಬೇಕಿತ್ತು. ಅವಳ ಗೊಣಗಾಟವನ್ನು ಅವರ ಫೋನಿಗೆ ಕೇಳಿಸಿದರೆ, ಬಾತುಕೋಳಿಗೆ ಮಂಜೂರಾತಿ ಸಿಕ್ಕಿದೆ ಎಂದು ಅದು ಅನುವಾದಿಸಿತು.

ಮಾಮ ಎದೆಯುಬ್ಬಿಸಿ ಮುಂದೆ ಬಂದರು. ನನಗೂ ಹೋದ ಜೀವ ಬಂದಂತಾಯಿತು. ಅಂತೂ ಆ ಚೀಟಿಗಳು ಸಾರ್ಥಕವಾದವು ಅಂದುಕೊಂಡೆ! ಅವರು ಬಗ್ಗಿ ಕಿವಿಯಿಟ್ಟು ಕೇಳಿದರು. ಮತ್ತೆ ಕೇಳಿದರು. ಆಮೇಲೆ ನನ್ನತ್ತ ತಿರುಗಿದಾಗ ಮುಖ ಬಿಳಿಚಿಕೊಂಡಿತ್ತು.

"ಉಪ್ಪು, ತೆಂಗಿನಕಾಯಿ ಎಂತದ್ದೂ ಹೇಳ್ತಾ ಇಲ್ಲ ಮಾರಾಯ್ತಿ ಇವಳು," ಎಂದರು. "ನೋವಿಗೆ ಚೀಟಿ ಕಟ್ಟಲೇ ಇಲ್ಲ ನಾನು."

ಕೊನೆಗೆ ಡಾಕ್ಟರು ಹೊಟ್ಟೆ ಒತ್ತಿ, ಮುಖ ನೋಡಿ, ಎಲ್ಲಿ ಒತ್ತಿದಾಗ ಅವಳು ಮುಖ ಕಿವುಚಿದಳು ಎಂಬುದರಿಂದಲೇ ತಿಳಿದುಕೊಂಡು ಔಷಧಿ ಬರೆದರು. ಮಾಮ ಸ್ಟೂಲು ಎಳೆದು ಮಂಚದ ಪಕ್ಕ ಕೂತವರು ಕೊಂಕಣಿಯಲ್ಲಿ ಶುರುಮಾಡಿದರು. ಅವಳು ಸುಂದಾದಲ್ಲಿ ಏನೋ ಹೇಳುವಳು, ಇವರು ಹೂಂಗುಟ್ಟಿ ಕೊಂಕಣಿಯಲ್ಲಿ ಉತ್ತರಿಸುವರು. ಒಬ್ಬರದು ಒಬ್ಬರಿಗೆ ಅರ್ಥವಾಗಲಿಲ್ಲ. ಆದರೂ ಅವರು ಮಾತು ನಿಲ್ಲಿಸಿದರೆ ಹುಡುಗಿ ಹೊರಳಾಡುವಳು, ಮತ್ತೆ ಶುರುಮಾಡಿದರೆ ತಣ್ಣಗಾಗುವಳು. ನಾನು ತಂದ ಬುತ್ತಿಯ ಕಡೆ ಮಾಮ ತಿರುಗಿಯೂ ನೋಡಲಿಲ್ಲ. ನಾನಂತೂ ಆ ಒಂದು ದಿನದಲ್ಲಿ ಕಾಶಿಯ ದೇವರಿಗೆಲ್ಲ ಹರಕೆ ಹೊತ್ತೆ.

ಸಂಜೆ ನಾಲ್ಕರ ಹೊತ್ತಿಗೆ ಅವಳ ಹಣೆ ಬೆವರಿತು. ನರ್ಸು ಜ್ವರ ನೋಡಿ, ಇನ್ನು ಗಾಬರಿಯಿಲ್ಲ ಎಂದು ಹೇಳಿ ಹೋದಳು. ಹುಡುಗಿ ಕಣ್ಣು ಬಿಟ್ಟು, ಧ್ವನಿ ಒಡೆದುಹೋದ ಮಾಮನನ್ನು ನೋಡಿದಳು.

"ಜೆವಣ ಜಾಲ್ಲೆವೇ, ಮಾಮಾ?" ಎಂದಳು.

ಸಮುದ್ರದ ತಪ್ಪನ್ನೂ ಎತ್ತಿ ತೋರಿಸಬಲ್ಲ ಮನುಷ್ಯ! ಈಗ ಅವಳ ಹೊದಿಕೆಯ ಅಂಚನ್ನು ಮಡಚುತ್ತ ಬಿಚ್ಚುತ್ತ ಕೂತರು. ಮಾಮಿ ತೀರಿಕೊಂಡು ಮೂರು ವರ್ಷ. ಆ ಮನೆಯಲ್ಲಿ ಕೊಂಕಣಿ ಆಡುತ್ತಿದ್ದವರು ಅವರಿಬ್ಬರೇ. ಅಂದಿನಿಂದ ಊರವರನ್ನೆಲ್ಲ ಆ ಪ್ರಶ್ನೆ ಕೇಳುತ್ತ ಬಂದವರನ್ನು ಯಾರೊಬ್ಬರೂ ತಿರುಗಿ ಕೇಳಿರಲಿಲ್ಲ. ದಿನಾ ಕರಿಬೇವು ಬೇಡುವ ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೆ ಹುಡುಗಿ ಉಳಿದಳಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

"ನಾ," ಎಂದರು ಮಾಮ. ಆಮೇಲೆ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಳ್ಳದೆಯೇ, ಅದನ್ನೇ ಕನ್ನಡದಲ್ಲಿ ಹೇಳಿದರು: "ಇಲ್ಲ ಅಂತ. ಊಟ ಆಗಲಿಲ್ಲ."

ನಾನು ಬುತ್ತಿ ಬಿಚ್ಚಿದೆ.