ನೀಲಿಯೋ ನೇರಳೆಯೋ

ಬಾಣದ ಮೇಷ್ಟ್ರ ಆ ದಿನದ ಪಾಡಿಗೆಲ್ಲ ಮೂಲ, ಅವರ ಹೆಂಡತಿಯ ಅಣ್ಣ ಎಂದೋ ಆಡಿದ ಒಂದು ಮಾತು.

ಮೇಷ್ಟ್ರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಬಾಣಬಿರುಸಿನ ಕಾರ್ಖಾನೆಯಲ್ಲಿ ಮದ್ದು ಅರೆದು, ಕಲಿಯಲು ಬಂದವರಿಗೆಲ್ಲ ಅರೆಯುವುದನ್ನು ಕಲಿಸಿ, ನಿವೃತ್ತರಾದವರು. ಅವರ ಪ್ರಾಯದಲ್ಲಿ ಊರಿನ ಹೊಳೆಗೆ ಹೊಸ ಸೇತುವೆ ಬಂತು. ಅದು ತೆರೆದ ಸಂಜೆ ಅವರು ನೀಲಿ ಹೂವಿನ ಗುಂಡೊಂದನ್ನು ಹಾರಿಸಿದ್ದರು. ಕೆಂಪು, ಹಸಿರು ಯಾರ ಕೈಗಾದರೂ ಬರುತ್ತವೆ. ನೀಲಿ ಮಾತ್ರ ಹೊಸ ಅಳಿಯನ ಹಾಗೆ. ಶಾಖ ಒಂಚೂರು ಹೆಚ್ಚಾದರೆ ಬಿಳಿಚಿಕೊಳ್ಳುತ್ತದೆ, ಕಡಿಮೆಯಾದರೆ ಮುಖ ಕಪ್ಪಗೆ ಮಾಡಿಕೊಂಡು ಕೂರುತ್ತದೆ. ಅಂಥ ನೀಲಿ ಅಂದು ಆಕಾಶದ ತುಂಬ ಅರಳಿ, ಹೊಳೆಯಲ್ಲೂ ಅರಳಿತ್ತು. ಸೇತುವೆ ಮೇಲಿದ್ದ ಜನ ಚಪ್ಪಾಳೆ ತಟ್ಟುವುದನ್ನೂ ಮರೆತು ನಿಂತಿದ್ದರು. ಹೊಗಳುವುದರಲ್ಲಿ ಕಡುಜಿಪುಣರಾದ ಅವರ ಗುರುಗಳು ಹೆಗಲ ಮೇಲೆ ಕೈಯಿಟ್ಟು, "ಬಂತು ಕಣೋ" ಎಂದಷ್ಟೇ ಅಂದಿದ್ದರು. ಆ ಕೈಯ ಭಾರ ಮೇಷ್ಟ್ರಿಗೆ ಇನ್ನೂ ನೆನಪಿದೆ.

ಅಂದಿನ ಗುಂಪಿನಲ್ಲಿ ಮುಂದೆ ಅವರ ಹೆಂಡತಿಯಾಗಲಿದ್ದ ಹುಡುಗಿಯೂ ಇದ್ದಳು, ಪಕ್ಕದಲ್ಲಿ ಅವಳ ಅಣ್ಣನೂ ಇದ್ದರು. ಅಣ್ಣ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವರು, ಬಾಣಬಿರುಸು ಅವರಿಗೆ ಹವ್ಯಾಸ. ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದ ಪದಕವನ್ನು, ಬಂದವರ ಕಣ್ಣಿಗೆ ಕುಕ್ಕುವ ಹಾಗೆ ಬಾಗಿಲಿಗೆದುರು ನೇತುಹಾಕಿದ್ದರು. ಮದುವೆಯ ದಿನ ಊಟವಾಗಿ ಕೈ ತೊಳೆಯುವಾಗ ಅವರು ಮೇಷ್ಟ್ರಿಗೆ ಹೇಳಿದರು:

"ಭಾವ, ನಿಮ್ಮ ಗುಂಡು ಚೆನ್ನಾಗಿತ್ತು. ಆದ್ರೆ ಅದು ನೀಲಿ ಅಲ್ಲ. ನೇರಳೆ."

"ನಾನೂ ನೋಡಿದೀನಲ್ಲಣ್ಣ, ನೀಲಿನೇ," ಎಂದಳು ಮದುಮಗಳು.

"ನೀನು ಅವತ್ತು ಗುಂಡು ನೋಡಿದ್ಯೋ, ಗುಂಡು ಹಾರಿಸಿದವರನ್ನ ನೋಡಿದ್ಯೋ?"

ನೆಂಟರೆಲ್ಲ ನಕ್ಕರು. ಅಂದಿನಿಂದ ನೆಂಟರ ಮಕ್ಕಳ ಬಾಯಲ್ಲಿ ಮೇಷ್ಟ್ರು 'ನೇರಳೆ ಮಾಮ' ಆದರು. ಆ ಮಕ್ಕಳಿಗೆ ಮಕ್ಕಳಾದರೂ ಆ ಹೆಸರು ಹೋಗಲಿಲ್ಲ.

ಈಗ ಬಡಾವಣೆಯಲ್ಲಿ ಹೊಸ ನೀರಿನ ಟ್ಯಾಂಕು ಎದ್ದಿತ್ತು. ತಿಂಗಳುಗಟ್ಟಲೆ ನಲ್ಲಿಗಳು ಬರೀ ಗಾಳಿ ಊದಿ ಜನರನ್ನು ಅಣಕಿಸಿದ ಮೇಲೆ ಕಟ್ಟಿದ ಟ್ಯಾಂಕು. ಸಂಘದ ಅಧ್ಯಕ್ಷರು ಬಂದು, "ಉದ್ಘಾಟನೆಗೆ ನಿಮ್ಮದೊಂದು ಗುಂಡು ಹಾರಲಿ ಮೇಷ್ಟ್ರೇ," ಎಂದಾಗ ಮೇಷ್ಟ್ರು ಬೇಡವೆನ್ನಲಿಲ್ಲ. ಹಳೆಯ ಶಿಷ್ಯ ಈಗ ಕಾರ್ಖಾನೆಯ ಯಜಮಾನ. ಅವನ ಅನುಮತಿ ಪಡೆದು, ತಮ್ಮ ಹಳೇ ಮೂಲೆಯಲ್ಲೇ ಕೂತು ಮದ್ದು ಬೆರೆಸಿ, ಗೋಲಿ ಕಟ್ಟಿ, ನೆರಳಲ್ಲಿ ಒಣಗಿಸಿ, ಗುಂಡಿಗೆ ತುಂಬಿದರು. ಆಮೇಲೆ ಹೆಂಡತಿಯ ಅಣ್ಣನಿಗೆ, ಅಂದರೆ ಭಾವನಿಗೆ, ಫೋನು ಮಾಡಿದರು.

"ಶನಿವಾರ ಸಂಜೆ ಬನ್ನಿ. ನಿಮ್ಮ ಕಣ್ಣಾರೆ ನೋಡಿ."

"ಬರ್ತೀನಿ ಭಾವ. ನೋಡಿದ್ದು ನೋಡಿದ ಹಾಗೇ ಹೇಳ್ತೀನಿ, ದಾಕ್ಷಿಣ್ಯ ಇಟ್ಕೊಳಲ್ಲ."

"ನನಗೂ ಅದೇ ಬೇಕು."

ಶನಿವಾರ ಬೆಳಿಗ್ಗೆ ಮೇಷ್ಟ್ರು ಗುಂಡು ಹಾರಿಸುವ ಕಬ್ಬಿಣದ ಕೊಳವೆಯನ್ನು ಟ್ಯಾಂಕಿನ ಪಕ್ಕದ ಮೈದಾನದಲ್ಲಿಳಿಸಿ, ಅದನ್ನು ಹೂಳಲು ಮರಳು ತರಲು ಹೋದರು. ಬರುವಷ್ಟರಲ್ಲಿ ಕೊಳವೆಯಿಲ್ಲ. ಹುಡುಕಿದರೆ ವೇದಿಕೆಯ ಪಕ್ಕದಲ್ಲಿ ಅದು ಕೆಂಪು ಬಣ್ಣ ಬಳಿಸಿಕೊಂಡು ನಿಂತಿತ್ತು. ಹೊಟ್ಟೆ ತುಂಬ ಮಣ್ಣು, ತಲೆಯ ಮೇಲೆ ದಾಸವಾಳದ ಗಿಡ.

"ಎಷ್ಟು ಲಕ್ಷಣವಾಗಿದೆ ನೋಡಿ," ಎಂದರು ಅಧ್ಯಕ್ಷರ ಹೆಂಡತಿ. "ಯಾರೋ ಪುಣ್ಯಾತ್ಮರು ಬಿಸಾಕಿ ಹೋಗಿದ್ರು."

"ಆ ಪುಣ್ಯಾತ್ಮ ನಾನೇ ತಾಯಿ."

ಗಿಡ ಕೀಳಲು ಆಕೆ ಒಪ್ಪಲಿಲ್ಲ. ಬೇರು ನೊಂದರೆ ಗಿಡ ಬದುಕುವುದಿಲ್ಲವಂತೆ. ಕೊನೆಗೆ ಮೇಷ್ಟ್ರು ತಮ್ಮ ಹಿತ್ತಲಿನ ದೊಡ್ಡ ಕುಂಡವನ್ನೇ ಹೊತ್ತು ತಂದು, ಎಳೆಗೂಸನ್ನು ತೊಟ್ಟಿಲಿಗಿಳಿಸುವ ಹಾಗೆ ದಾಸವಾಳವನ್ನು ಅದಕ್ಕಿಳಿಸಿ, ಕೊಳವೆ ಬಿಡಿಸಿಕೊಂಡರು. ಅದರೊಳಗಿನ ಮಣ್ಣು ತೆಗೆದು, ತೊಳೆದು ಒರೆಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ತೊಳೆದದ್ದು ಮನೆಯಲ್ಲಿ ಕುಡಿಯಲೆಂದು ಇಟ್ಟಿದ್ದ ಕಡೇ ಕೊಡದ ನೀರಿನಲ್ಲಿ. ಹೆಂಡತಿ ಖಾಲಿ ಕೊಡವನ್ನು ಬಾಗಿಲಲ್ಲೇ ಬೋರಲಾಗಿಟ್ಟಳು.

ಆಮೇಲೆ ಕುರ್ಚಿಗಳ ರಗಳೆ. ಮೇಷ್ಟ್ರು ದೂರ ಹಾಕಿಸಿದ ಕುರ್ಚಿಗಳನ್ನು ಬಡಾವಣೆಯ ದರ್ಜಿ ಕೊಳವೆಯ ಹತ್ತಿರಕ್ಕೆ ತಂದ. "ಅಷ್ಟು ದೂರ ಕೂತ್ರೆ ಏನ್ ಕಾಣತ್ತೆ ಮೇಷ್ಟ್ರೇ?"

"ಹೂವು ಅರಳೋದು ಆಕಾಶದಲ್ಲಪ್ಪ, ನಿನ್ನ ಮಡಿಲಲ್ಲಲ್ಲ."

ಇವರು ಕುರ್ಚಿ ಹಿಂದಕ್ಕೆ ಹಾಕಿಸುವುದು, ಬೆನ್ನು ತಿರುಗಿದೊಡನೆ ಅವು ಮುಂದಕ್ಕೆ ಬರುವುದು. ಆಗ ನಿವೃತ್ತ ಪೊಲೀಸಪ್ಪ ಮುಂದೆ ಬಂದರು. ಲಾಠಿ ಹೋದರೂ ಅವರ ಗಂಟಲು ಇನ್ನೂ ಸರ್ವೀಸಿನಲ್ಲೇ ಇತ್ತು. ಒಂದೇ ಗದರಿಕೆಗೆ ಕುರ್ಚಿಗಳ ಜೊತೆ ದರ್ಜಿಯೂ ಹಿಂದೆ ಸರಿದ. ಪೊಲೀಸಪ್ಪ ತಮ್ಮ ಹಳೆಯ ಸೀಟಿಯನ್ನು ಮೇಷ್ಟ್ರ ಕೈಗಿಟ್ಟರು.

"ಬತ್ತಿಗೆ ಬೆಂಕಿ ಇಡೋ ಮುಂಚೆ ಇದನ್ನ ಊದಿ. ಎಲ್ರೂ ಮೇಲೆ ನೋಡ್ತಾರೆ. ನಾನು ಎಲ್ರಿಗೂ ಹೇಳಿರ್ತೀನಿ."

ಸಂಜೆ ಶಿಷ್ಯನ ವ್ಯಾನಿನಲ್ಲಿ ಗುಂಡು ಬಂತು. ಮೇಷ್ಟ್ರು ಅದನ್ನು ತಾವೇ ಎತ್ತಿ ಕೊಳವೆಗಿಳಿಸಿದರು. ಭಾವನೂ ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ನಟನ ಗತ್ತಿನಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಅಧ್ಯಕ್ಷರ ಭಾಷಣ ಬಿಸಿಲಿದ್ದಾಗ ಶುರುವಾಗಿ ಕತ್ತಲಾದಾಗ ಮುಗಿಯಿತು. ಮೇಷ್ಟ್ರಿಗೆ ಅದೂ ಒಳ್ಳೆಯದೇ ಆಯಿತು. ಹೂವಿಗೆ ಕತ್ತಲು ಬೇಕು. ಮೋಡವಿರಲಿಲ್ಲ. ಗಾಳಿ ಹದವಾಗಿತ್ತು. ಮೇಷ್ಟ್ರಿಗೆ ಸೇತುವೆಯ ಆ ಸಂಜೆಯೇ ಮರಳಿ ಬಂದಂತೆನಿಸಿತು. ಗುರುಗಳು ಇದ್ದಿದ್ದರೆ, ಅಂದುಕೊಂಡರು. ಸೀಟಿ ಊದಿ ಉದ್ದನೆಯ ಬತ್ತಿಗೆ ಬೆಂಕಿ ಮುಟ್ಟಿಸಿ ಹಿಂದೆ ಸರಿದರು.

ಪೊಲೀಸಪ್ಪ ಹೇಳಿದ್ದು ನಿಜವಾಗಿಯೂ ಎಲ್ಲರಿಗೇ. ಟ್ಯಾಂಕಿನ ಬುಡದಲ್ಲಿ ನಿಂತಿದ್ದ ಕೊಳಾಯಿಯವನಿಗೂ, "ಸೀಟಿ ಕೇಳಿದ ತಕ್ಷಣ ನೀರು ಬಿಡಪ್ಪ," ಎಂದು ಹೇಳಿಟ್ಟಿದ್ದರು. ಅವನು ಮಾತಿಗೆ ತಪ್ಪುವವನಲ್ಲ.

ಮೈದಾನದಂಚಿನ ಮನೆಯ ಮಹಡಿಯಿಂದ ಯಾರೋ ಕೂಗಿದರು: "ನೀರು ಬಂತು."

ಬಡಾವಣೆಯಲ್ಲಿ ನಲ್ಲಿ ನಿಲ್ಲಿಸುವ ಅಭ್ಯಾಸ ತಪ್ಪಿಹೋಗಿ ಎಷ್ಟು ಕಾಲವಾಗಿತ್ತೋ. ಯಾರ ಮನೆಯ ನಲ್ಲಿ ತೆರೆದಿದೆ, ಯಾರದರ ಕೆಳಗೆ ಕೊಡವಿಲ್ಲ ಎಂದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಕುರ್ಚಿಗಳು ಉರುಳಿದವು. ದರ್ಜಿ ಓಡಿದ, ಪೊಲೀಸಪ್ಪ ಓಡಿದರು, ಅಧ್ಯಕ್ಷರು ಹಾರದ ಸಮೇತ ಓಡಿದರು. "ಅಯ್ಯೋ, ಅಡುಗೆಮನೆ," ಎಂದು ಮೇಷ್ಟ್ರ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಓಡಿದಳು. ಹತ್ತಿದ ಬತ್ತಿಯನ್ನು ನಿಲ್ಲು ಎಂದರೆ ಅದು ನಿಲ್ಲುತ್ತದೆಯೇ? ಧಡ್ ಎಂದು ಗುಂಡು ಮೇಲೇರಿತು.

ಅರಳಿತು. ಎಸಳೆಸಳಾಗಿ, ತುದಿಯವರೆಗೂ ಒಂದೇ ಬಣ್ಣ, ಬಿಳಿಚಲಿಲ್ಲ, ಕಪ್ಪಾಗಲಿಲ್ಲ. ಸೇತುವೆಯ ಹೂವಿಗಿಂತ ಇದೇ ಚೆನ್ನಾಗಿತ್ತು. ಮೇಷ್ಟ್ರ ಬಾಯಿಂದ ತಾನಾಗಿಯೇ, "ಬಂತು ಕಣೋ," ಎಂಬ ಮಾತು ಹೊರಟಿತು. ಹೂವು ಮೆಲ್ಲಗೆ ಕರಗಿ ಹೊಗೆಯಾಯಿತು. ಖಾಲಿ ಮೈದಾನವನ್ನು ನೋಡಲು ಅವರಿಗೆ ಧೈರ್ಯವಾಗಲಿಲ್ಲ.

ಆದರೆ ಮೈದಾನ ಪೂರ್ತಿ ಖಾಲಿಯಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಭಾವ ಒಬ್ಬರೇ ಕೂತಿದ್ದರು. ಕಪ್ಪು ಕನ್ನಡಕ ಕೈಯಲ್ಲಿತ್ತು, ಮುಖ ಇನ್ನೂ ಮೇಲೆಯೇ ಇತ್ತು. ಮೇಷ್ಟ್ರು ಹೋಗಿ ಪಕ್ಕದ ಕುರ್ಚಿ ಎತ್ತಿ ನಿಲ್ಲಿಸಿ ಕೂತರು. ಊರೆಲ್ಲ ನೋಡದಿದ್ದರೆ ಹೋಗಲಿ, ನೋಡಬೇಕಾದವರು ನೋಡಿದ್ದರು.

"ಹೇಳಿ ಭಾವ. ಯಾವ ಬಣ್ಣ?"

"ನೀಲಿ," ಎಂದರು ಭಾವ. "ಅಪ್ಪಟ ನೀಲಿ."

ಮೇಷ್ಟ್ರ ಕಣ್ಣು ಮಂಜಾಯಿತು.

"ಆದ್ರೆ ನಾನು ಸುಳ್ಳು ಹೇಳೋನಲ್ಲ ಭಾವ," ಎಂದು ಭಾವ ಕನ್ನಡಕ ಒರೆಸಿದರು. "ಮೊನ್ನೆ ತಾನೇ ಎರಡೂ ಕಣ್ಣಿನ ಪೊರೆ ತೆಗೆಸಿದೀನಿ. ಆವಾಗಿಂದ ಕಂಡದ್ದೆಲ್ಲ ನೀಲಿ. ಇವತ್ತು ಬೆಳಿಗ್ಗೆ ಕುಡಿದ ಹಾಲೂ ನೀಲಿ. ಸ್ವಲ್ಪ ದಿನ ಹೀಗೇ ಇರತ್ತಂತೆ, ಡಾಕ್ಟ್ರು ಹೇಳಿದ್ರು. ಕಣ್ಣು ಸರಿಹೋಗ್ಲಿ, ಇನ್ನೊಂದು ಹಾರಿಸಿ. ನೋಡಿ ಹೇಳ್ತೀನಿ."